ಲೈಟ್ ಸ್ಪೋರ್ಟ್ ವಿಮಾನ ಕೊಳ್ಳಲು ಹೊರಟ ಅಮೆರಿಕದ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಆತ್ಮೀಯರೇ,

ಈಚೆಗೆ ಒಂದೇ ಪ್ರಶ್ನೆ ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಿದೆ. "ಸ್ಪೋರ್ಟ್ ಪೈಲಟ್ ಲೈಸೆನ್ಸ್ ಮಾಡಿಸಿಕೊಂಡು ಒಂದು ಸಣ್ಣ ವಿಮಾನ ತಗೊಳ್ಳೋಣ ಅಂತಿದ್ದೀವಿ, ಎಷ್ಟಾಗುತ್ತೆ?" ಕೇಳುವವರು ಬಹುಪಾಲು ಇಲ್ಲೇ ದುಡಿದು ನೆಲೆನಿಂತವರು. ಮಕ್ಕಳು ಕಾಲೇಜಿಗೆ ಹೋಗಿದ್ದಾರೆ, ಕೈಯಲ್ಲಿ ಸ್ವಲ್ಪ ಬಿಡುವಿದೆ, ಚಿಕ್ಕಂದಿನಿಂದ ಇದ್ದ ಆಸೆ ಈಗ ಎದ್ದು ಕೂತಿದೆ. ಆ ಆಸೆ ನನಗೂ ಗೊತ್ತು. ಅದಕ್ಕೇ ಈ ಪತ್ರ.

ಬೆಲೆಯ ಲೆಕ್ಕ ಆಮೇಲೆ ಹೇಳುತ್ತೇನೆ. ಅದಕ್ಕಿಂತ ಮೊದಲು ಕೇಳಬೇಕಾದ, ಆದರೆ ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ಈ ವಿಮಾನ ಹಾರಲು ಯೋಗ್ಯವಾಗಿದೆಯಾ ಅಂತ ನೋಡಿಕೊಳ್ಳುವವರು ಯಾರು? ಕಾನೂನು ಇದಕ್ಕೆ ನೇರವಾಗಿ ಉತ್ತರ ಕೊಡುತ್ತದೆ. ಅಮೆರಿಕದ ವಿಮಾನಯಾನ ನಿಯಮಗಳ 91.403ನೇ ಕಲಂ ಪ್ರಕಾರ ವಿಮಾನವನ್ನು ಹಾರುವ ಸ್ಥಿತಿಯಲ್ಲಿಡುವ ಮೊದಲ ಹೊಣೆ ಮಾಲೀಕರದು, ಇಲ್ಲವೇ ಅದನ್ನು ನಡೆಸುವವರದು. ಮೆಕ್ಯಾನಿಕ್‌ಗೆ ತಾನು ಮಾಡಿದ ಕೆಲಸದ ಹೊಣೆ ಇರುತ್ತದೆ. ಯಾವ ಕೆಲಸ ಯಾವಾಗ ಆಗಬೇಕು ಅಂತ ನೋಡಿ ಮಾಡಿಸುವುದು ನಿಮ್ಮ ಪಾಲು. ಚೆಕ್‌ಗೆ ಸಹಿ ಹಾಕುವಾಗ ನೀವು ನಿಜವಾಗಿ ಒಪ್ಪಿಕೊಳ್ಳುವುದು ಇದನ್ನೇ.

ಎಲ್ಲ ವಿಮಾನಕ್ಕೂ ಇದೇ ನಿಯಮ ಅಲ್ವಾ ಅಂತ ನೀವು ಕೇಳಬಹುದು. ಹೌದು. ಆದರೆ ಈ ವರ್ಗದಲ್ಲಿ ಸರ್ಕಾರ ನಿಮ್ಮ ಮೇಲೆ ಇಟ್ಟಿರುವ ನಂಬಿಕೆ ತುಂಬಾ ದೊಡ್ಡದು.

2004ರ ಸೆಪ್ಟೆಂಬರ್ 1ರಂದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಲೈಟ್ ಸ್ಪೋರ್ಟ್ ಎಂಬ ಈ ವರ್ಗವನ್ನು ಜಾರಿಗೆ ತಂದಿತು. ಆಗಿನ ಮಿತಿಗಳು ಹೀಗಿದ್ದವು. ಎರಡೇ ಸೀಟು, ಒಂದೇ ಎಂಜಿನ್, ಮಡಚದ ಗಾಲಿಗಳು. ಹಾರುವಾಗ ಒಟ್ಟು ತೂಕ 1,320 ಪೌಂಡ್, ಅಂದರೆ 600 ಕಿಲೋ ಮೀರಬಾರದು. ನೀರಿನ ಮೇಲೆ ಇಳಿಯುವಂಥದ್ದಾದರೆ 1,430 ಪೌಂಡ್. ಪೂರ್ತಿ ವೇಗ 120 ನಾಟ್, ಅಂದರೆ ಗಂಟೆಗೆ ಸುಮಾರು 222 ಕಿಲೋಮೀಟರ್ ದಾಟಬಾರದು. 45 ನಾಟ್‌ವರೆಗೆ ನಿಧಾನವಾದರೂ ರೆಕ್ಕೆ ವಿಮಾನವನ್ನು ಹೊತ್ತಿರಬೇಕು. ಇದನ್ನು ಹಾರಿಸುವ ಸ್ಪೋರ್ಟ್ ಪೈಲಟ್‌ಗೆ ಕನಿಷ್ಠ 20 ಗಂಟೆ ತರಬೇತಿ, ಅದರಲ್ಲಿ 15 ಗಂಟೆ ಗುರುವಿನ ಜೊತೆ, 5 ಗಂಟೆ ಒಬ್ಬರೇ. ಇಷ್ಟರಲ್ಲೇ ಕಲಿತು ಮುಗಿಸುವವರು ಕಡಿಮೆ, ಜಾಸ್ತಿ ಗಂಟೆಗೆ ತಯಾರಾಗಿರಿ.

2025ರ ಜುಲೈನಲ್ಲಿ ಮೊಸಾಯಿಕ್ ಎಂಬ ಹೊಸ ನಿಯಮ ಬಂದು ಬಾಗಿಲು ಇನ್ನೂ ಅಗಲವಾಯಿತು. ಅದರ ಪೈಲಟ್ ಭಾಗ 2025ರ ಅಕ್ಟೋಬರ್ 22ರಿಂದ ಜಾರಿಯಾಗಿದೆ. ವಿಮಾನ ತಯಾರಿಕೆಯ ಭಾಗಕ್ಕೆ 2026ರ ಜುಲೈ 24 ಎಂದು ದಿನ ಗೊತ್ತುಮಾಡಿದ್ದಾರೆ. ತೂಕದ ಮಿತಿ ಹೋಗಿ, ರೆಕ್ಕೆ ಎಷ್ಟು ನಿಧಾನಕ್ಕೆ ಹಾರಬಲ್ಲದು ಎಂಬುದೇ ಈಗ ಮುಖ್ಯ ಅಳತೆ. ಹಾಗಾಗಿ ಸೆಸ್ನಾ 172ರಂಥ ನಾಲ್ಕು ಸೀಟಿನ ವಿಮಾನಗಳನ್ನೂ ಸ್ಪೋರ್ಟ್ ಪೈಲಟ್ ಹಾರಿಸಬಹುದು. ಆದರೆ ಜೊತೆಗೆ ಕೂರಿಸಿಕೊಳ್ಳಲು ಒಬ್ಬರೇ. ಇಲ್ಲಿ ಒಂದು ಗೊಂದಲ ಆಗುವುದನ್ನು ನೋಡಿದ್ದೇನೆ. ನೀವು 172 ಹಾರಿಸಬಹುದು ಅಂದ ಮಾತ್ರಕ್ಕೆ ಅದು ಲೈಟ್ ಸ್ಪೋರ್ಟ್ ವಿಮಾನ ಆಗುವುದಿಲ್ಲ. ಅದರ ವಾರ್ಷಿಕ ತಪಾಸಣೆ, ರಿಪೇರಿ ಎಲ್ಲ ಹಳೆಯ ನಿಯಮದಲ್ಲೇ ನಡೆಯಬೇಕು. ಹಾರಿಸುವ ಹಕ್ಕು ಬೇರೆ, ಮಾಲೀಕನ ಹಕ್ಕು ಬೇರೆ.

ಈಗ ಆ ನಂಬಿಕೆಯ ವಿಷಯಕ್ಕೆ ಬರುತ್ತೇನೆ. ಹಗಲು ಹೊತ್ತಿನಲ್ಲಿ ಹಾರುವ ಸ್ಪೋರ್ಟ್ ಪೈಲಟ್‌ಗೆ ಡಾಕ್ಟರ ಸರ್ಟಿಫಿಕೇಟ್ ಬೇಡ. ಚಾಲ್ತಿಯಲ್ಲಿರುವ ಕಾರಿನ ಲೈಸೆನ್ಸ್ ಸಾಕು. ಇವತ್ತು ನಾನು ಹಾರಲು ಆರೋಗ್ಯವಾಗಿದ್ದೇನಾ ಅಂತ ನಿಮಗೆ ನೀವೇ ಹೇಳಿಕೊಳ್ಳಬೇಕು. ಹೊಸ ಬಿಪಿ ಮಾತ್ರೆ ಶುರುವಾಗಿದೆಯಾ, ರಾತ್ರಿ ನಿದ್ದೆ ಆಗಿದೆಯಾ, ತಲೆ ಸುತ್ತುತ್ತಿದೆಯಾ, ಯಾರೂ ಕೇಳುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಇಲ್ಲೇ ಹೇಳಿಬಿಡುತ್ತೇನೆ. ಎಫ್‌ಎಎ ಮೆಡಿಕಲ್‌ಗೆ, ಅಂದರೆ ಆ ಡಾಕ್ಟರ ಸರ್ಟಿಫಿಕೇಟ್‌ಗೆ, ನೀವು ಕೊನೆಯ ಸಲ ಹಾಕಿದ ಅರ್ಜಿ ತಿರಸ್ಕಾರವಾಗಿದ್ದರೆ ಕಾರಿನ ಲೈಸೆನ್ಸ್ ನಿಮಗೆ ಸಾಲುವುದಿಲ್ಲ. ಆದ್ದರಿಂದ "ಸುಮ್ನೆ ನೋಡೋಣ" ಅಂತ ಮೆಡಿಕಲ್‌ಗೆ ಅರ್ಜಿ ಹಾಕಬೇಡಿ. ಅನುಮಾನವಿದ್ದರೆ ಅರ್ಜಿಗೆ ಮುಂಚೆಯೇ ವಿಮಾನಯಾನ ಬಲ್ಲ ಡಾಕ್ಟರ ಜೊತೆ ಮಾತಾಡಿ.

ವಿಮಾನದ ವಿನ್ಯಾಸದ ವಿಷಯದಲ್ಲೂ ಹೀಗೇ. ದೊಡ್ಡ ವಿಮಾನಗಳ ವಿನ್ಯಾಸವನ್ನು ಎಫ್‌ಎಎ ತಾನೇ ಪರೀಕ್ಷಿಸಿ ಒಪ್ಪಿಗೆ ಕೊಡುತ್ತದೆ. ಲೈಟ್ ಸ್ಪೋರ್ಟ್‌ನಲ್ಲಿ ಹಾಗಿಲ್ಲ. ಮಾನದಂಡ ರೂಪಿಸುವ ಎಎಸ್‌ಟಿಎಂ ಎಂಬ ಸಂಸ್ಥೆಯಲ್ಲಿ ಉದ್ಯಮದವರು ಕೂತು ಒಪ್ಪಿಕೊಂಡ ಮಾನದಂಡಗಳಿವೆ. ನಮ್ಮ ವಿಮಾನ ಅದಕ್ಕೆ ಸರಿಹೊಂದಿದೆ ಅಂತ ತಯಾರಕರೇ ಬರೆದುಕೊಡುತ್ತಾರೆ. ಆಮೇಲೆ ದೋಷ ಸಿಕ್ಕರೆ ಸುರಕ್ಷತಾ ಆದೇಶ ಹೊರಡಿಸುವವರೂ ಅವರೇ. ಕಾರ್ಖಾನೆಯಲ್ಲಿ ಪೂರ್ತಿ ತಯಾರಾದ ವಿಮಾನವಾದರೆ ಅದನ್ನು ಪಾಲಿಸುವುದು ಕಡ್ಡಾಯ. ಆದರೆ ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡವರ ವಿಳಾಸ ತಯಾರಕರ ಬಳಿ ಇರುವುದೇ ಇಲ್ಲ. ಕೊಂಡ ವಾರದಲ್ಲೇ ತಯಾರಕರಿಗೂ ಎಂಜಿನ್ ಕಂಪನಿಗೂ ಬರೆದು ಹೆಸರು ನೋಂದಾಯಿಸಿ.

ಇದು ಕಾಗದದ ಕೆಲಸ ಅಂತ ಅನಿಸಿದರೆ ಝೋಡಿಯಾಕ್ ಸಿಎಚ್ 601 ಎಕ್ಸ್‌ಎಲ್ ವಿಮಾನದ ಕಥೆ ನೆನಪಿಸಿಕೊಳ್ಳಿ. ಹಾರುತ್ತಿರುವಾಗಲೇ ರೆಕ್ಕೆ ಮುರಿದ ಸರಣಿ ಅಪಘಾತಗಳಾಗಿ ಜನ ಸತ್ತರು. 2009ರ ಏಪ್ರಿಲ್‌ನಲ್ಲಿ ಅಪಘಾತ ತನಿಖೆ ಮಾಡುವ ಎನ್‌ಟಿಎಸ್‌ಬಿ, ಈ ವಿಮಾನಗಳ ಹಾರಾಟ ನಿಲ್ಲಿಸಿ ಅಂತ ಎಫ್‌ಎಎಗೆ ಶಿಫಾರಸು ಮಾಡಿತು. ಅದೇ ವರ್ಷ ನವೆಂಬರ್‌ನಲ್ಲಿ ಎಫ್‌ಎಎ, ರೆಕ್ಕೆ ಬಲಪಡಿಸುವ ತನಕ ಹಾರಬೇಡಿ ಎಂದು ಮಾಲೀಕರನ್ನು ಒತ್ತಾಯಿಸಿ ಪ್ರಕಟಣೆ ಹೊರಡಿಸಿತು. ಅಂಥ ಒಂದು ಕಾಗದ ನಿಮ್ಮ ಕೈಗೆ ಬರದೇ ಹೋದರೆ ಏನಾಗುತ್ತದೆ ಯೋಚಿಸಿ.

ತಪಾಸಣೆಯ ವಿಷಯದಲ್ಲಂತೂ ನಂಬಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಈ ವಿಮಾನಗಳಲ್ಲಿ ಎರಡು ಬಗೆ. ಕಾರ್ಖಾನೆಯಿಂದ ಪೂರ್ತಿ ತಯಾರಾಗಿ ಬರುವುದು ಎಸ್‌ಎಲ್‌ಎಸ್‌ಎ. ಇದನ್ನು ತರಬೇತಿಗೆ, ಬಾಡಿಗೆಗೆ ಕೊಡಬಹುದು. ಆದರೆ ತರಬೇತಿಗೆ ಕೊಟ್ಟರೆ ಪ್ರತಿ 100 ಗಂಟೆಗೆ ಒಂದು ತಪಾಸಣೆ ಸೇರಿಕೊಳ್ಳುತ್ತದೆ. ಪ್ರಾಯೋಗಿಕ ವರ್ಗದ್ದು, ಅಂದರೆ ಕಿಟ್ ತಂದು ಜೋಡಿಸಿದ್ದು ಅಥವಾ ಎಸ್‌ಎಲ್‌ಎಸ್‌ಎಯಿಂದ ಬದಲಾಯಿಸಿಕೊಂಡದ್ದು, ಇಎಲ್‌ಎಸ್‌ಎ. ಎರಡಕ್ಕೂ 12 ತಿಂಗಳಿಗೊಮ್ಮೆ ಕಂಡಿಷನ್ ಇನ್‌ಸ್ಪೆಕ್ಷನ್, ಅಂದರೆ ಇಡೀ ವಿಮಾನದ ಸ್ಥಿತಿ ನೋಡುವ ವಾರ್ಷಿಕ ತಪಾಸಣೆ, ಆಗಲೇಬೇಕು. ಇಎಲ್‌ಎಸ್‌ಎ ಮಾಲೀಕರು 16 ಗಂಟೆಯ ಕೋರ್ಸ್ ಮುಗಿಸಿ ಎಫ್‌ಎಎಯಿಂದ ರಿಪೇರ್‌ಮನ್ ಸರ್ಟಿಫಿಕೇಟ್ ಪಡೆದರೆ, ತಮ್ಮ ವಿಮಾನದ ತಪಾಸಣೆಯನ್ನು ತಾವೇ ಮಾಡಿ ವಿಮಾನದ ದಾಖಲೆ ಪುಸ್ತಕವಾದ ಲಾಗ್‌ಬುಕ್‌ಗೆ ಸಹಿ ಹಾಕಬಹುದು.

ಹದಿನಾರು ಗಂಟೆ ಅಂದರೆ ಒಂದು ವಾರಾಂತ್ಯ. ಆ ಕೋರ್ಸ್ ಎಲ್ಲರೂ ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ, ಸಹಿ ಹಾಕುವ ಉದ್ದೇಶ ಇಲ್ಲದಿದ್ದರೂ ಸರಿ. ತನ್ನ ವಿಮಾನದ ಮೂತಿಯ ಕವಚ ಬಿಚ್ಚಿ ಒಳಗೆ ಏನೇನಿದೆ ಅಂತ ನೋಡಿರದ ಮಾಲೀಕ ಅಪಾಯದ ಮಾಲೀಕ. ಹಾಗೇ ಇನ್ನೊಂದು ಮಾತು. ನಿಮಗೆ ಸಹಿ ಹಾಕುವ ಅಧಿಕಾರ ಬಂದ ಮೇಲೂ, ಎರಡು ವರ್ಷಕ್ಕೊಮ್ಮೆಯಾದರೂ ಅನುಭವಿ ಮೆಕ್ಯಾನಿಕ್ ಒಬ್ಬರನ್ನು ಕರೆದು ತೋರಿಸಿ. ನಮ್ಮದೇ ವಿಮಾನದ ಬಿರುಕು ನಮ್ಮ ಕಣ್ಣಿಗೆ ಅಭ್ಯಾಸವಾಗಿಬಿಡುತ್ತದೆ.

ಎಂಜಿನ್ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯಬೇಕು. ಈ ವರ್ಗದ ವಿಮಾನಗಳಲ್ಲಿ ನಿಮಗೆ ಹೆಚ್ಚಾಗಿ ಸಿಗುವುದು ಆಸ್ಟ್ರಿಯಾದ ರೋಟಾಕ್ಸ್ 912, ಅದರಲ್ಲೂ 100 ಕುದುರೆ ಶಕ್ತಿಯ 912 ಯುಎಲ್‌ಎಸ್. ನಿಯಮದಂತೆ ನೋಡಿಕೊಂಡರೆ 2,000 ಗಂಟೆ ಓಡುವ ಒಳ್ಳೆಯ ಎಂಜಿನ್. ಆದರೆ ಹಳೆಯ ವಿಮಾನಗಳ ಎಂಜಿನ್‌ಗೂ ಇದಕ್ಕೂ ಹೋಲಿಕೆಯೇ ಇಲ್ಲ. ಇದು 5,800 ಆರ್‌ಪಿಎಂವರೆಗೆ ತಿರುಗುತ್ತದೆ, ಅದೂ 5 ನಿಮಿಷ ಮಾತ್ರ. ಆಮೇಲೆ 5,500ಕ್ಕೆ ಇಳಿಸಬೇಕು. ಆ ವೇಗದಲ್ಲಿ ಪ್ರೊಪೆಲ್ಲರ್ ತಿರುಗಿಸಲು ಆಗುವುದಿಲ್ಲ, ಅದಕ್ಕೇ ನಡುವೆ ಗೇರ್‌ಬಾಕ್ಸ್ ಇದೆ. ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ಒಂದೇ ಆಯಿಲ್. ಹಾಗಾಗಿ ಹಳೆಯ ವಿಮಾನಗಳಿಗೆ ಹಾಕುವ ಆಯಿಲ್ ಇದಕ್ಕೆ ಹಾಕಿದರೆ ಕೆಡುತ್ತದೆ. ಪಕ್ಕದ ಹ್ಯಾಂಗರ್‌ನ, ಅಂದರೆ ವಿಮಾನ ನಿಲ್ಲಿಸುವ ಶೆಡ್‌ನ, ಹಿರಿಯರು ಪ್ರೀತಿಯಿಂದ ಒಂದು ಡಬ್ಬಿ ಕೊಡಲು ಬಂದರೂ ತೆಗೆದುಕೊಳ್ಳಬೇಡಿ.

ಆಯಿಲ್ ಮಟ್ಟ ನೋಡುವುದಕ್ಕೂ ಇದಕ್ಕೆ ತನ್ನದೇ ಕ್ರಮ ಇದೆ. ಆಯಿಲ್ ಇರುವುದು ಎಂಜಿನ್‌ನ ಹೊರಗಿನ ಪ್ರತ್ಯೇಕ ಟ್ಯಾಂಕ್‌ನಲ್ಲಿ. ನಿಂತಿರುವಾಗ ಸ್ವಲ್ಪ ಆಯಿಲ್ ಎಂಜಿನ್ ತಳದಲ್ಲೇ ಉಳಿದಿರುತ್ತದೆ. ಎರಡೂ ಇಗ್ನಿಷನ್ ಆಫ್ ಆಗಿವೆ ಅಂತ ಖಾತ್ರಿ ಮಾಡಿಕೊಂಡು, ಟ್ಯಾಂಕ್ ಮುಚ್ಚಳ ತೆಗೆದು, ಪ್ರೊಪೆಲ್ಲರನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಬೇಕು. ಟ್ಯಾಂಕ್‌ನಿಂದ ಗುಳುಗುಳು ಸದ್ದು ಬಂದ ಮೇಲೆ ಅಳತೆ ಕಡ್ಡಿ ಅದ್ದಿ ನೋಡಬೇಕು. ಯಾವತ್ತೂ ಹಿಮ್ಮುಖವಾಗಿ ತಿರುಗಿಸಬೇಡಿ, ಆಯಿಲ್ ದಾರಿಗೆ ಗಾಳಿ ಸೇರಿಕೊಳ್ಳುತ್ತದೆ. ಚಳಿಗಾಲದಲ್ಲಿ ಆಯಿಲ್ 50 ಡಿಗ್ರಿ ಸೆಲ್ಸಿಯಸ್‌ಗೆ ಬರುವ ತನಕ ರನ್‌ವೇಗೆ ಹೋಗಬೇಡಿ. ಹಿಂದೆ ಎಷ್ಟೇ ವಿಮಾನ ಕಾದು ನಿಂತಿದ್ದರೂ ಸರಿ.

ಇಂಧನದ ವಿಷಯದಲ್ಲಿ ಈ ಎಂಜಿನ್ ಕಾರಿನ ಪ್ರೀಮಿಯಂ ಪೆಟ್ರೋಲನ್ನೇ ಇಷ್ಟಪಡುತ್ತದೆ, 91 ಆಕ್ಟೇನ್‌ನದು. ವಿಮಾನ ನಿಲ್ದಾಣದಲ್ಲಿ ಸಿಗುವ 100ಎಲ್‌ಎಲ್ ಎಂಬ ವಿಮಾನದ ಪೆಟ್ರೋಲ್‌ನಲ್ಲಿ ಸೀಸ ಇದೆ. ಹಾಕಬಹುದು, ಆದರೆ ಸೀಸ ಗೇರ್‌ಬಾಕ್ಸ್‌ನಲ್ಲಿ, ಆಯಿಲ್ ಟ್ಯಾಂಕ್‌ನಲ್ಲಿ ಕೆಸರಿನಂತೆ ಕೂರುತ್ತದೆ. ಹಾರಾಟದಲ್ಲಿ ಶೇ. 30ಕ್ಕಿಂತ ಜಾಸ್ತಿ ಅದನ್ನೇ ಬಳಸಿದರೆ 100 ಗಂಟೆಯ ಬದಲು 50 ಗಂಟೆಗೇ ಆಯಿಲ್ ಬದಲಿಸಬೇಕು. ಎಥನಾಲ್ ಬೆರೆತ ಪೆಟ್ರೋಲ್ ಶೇ. 10ರವರೆಗೆ ಎಂಜಿನ್‌ಗೆ ನಡೆಯುತ್ತದೆ. ನಿಮ್ಮ ವಿಮಾನದ ಟ್ಯಾಂಕ್‌ಗೆ ನಡೆಯುತ್ತದೆಯಾ ಅನ್ನುವುದನ್ನು ವಿಮಾನದ ಕೈಪಿಡಿಯಲ್ಲಿ ಬೇರೆಯಾಗಿ ನೋಡಿ.

ಹಳೆಯ ಕಾರ್ಬ್ಯುರೇಟರ್ ಎಂಜಿನ್ ಕೊಳ್ಳುವವರು ಫ್ಲೋಟ್‌ಗಳನ್ನು, ಅಂದರೆ ಕಾರ್ಬ್ಯುರೇಟರ್ ಒಳಗೆ ತೇಲುತ್ತಾ ಪೆಟ್ರೋಲ್ ಮಟ್ಟ ಕಾಯುವ ತುಂಡುಗಳನ್ನು, ತೂಗಿಸಿ ನೋಡಲೇಬೇಕು. ಪೆಟ್ರೋಲ್ ಹೀರಿ ಭಾರವಾಗಿ ಮುಳುಗುವ ಫ್ಲೋಟ್‌ಗಳ ಬಗ್ಗೆ ರೋಟಾಕ್ಸ್ ಹಲವು ಪ್ರಕಟಣೆ ಹೊರಡಿಸಿದೆ. ಒಂದು ಜೋಡಿ 7 ಗ್ರಾಂ ದಾಟಿದರೆ ಬದಲಾಯಿಸಬೇಕು. ಎರಡು ಕಾರ್ಬ್ಯುರೇಟರ್ ಸಮನಾಗಿ ಕೆಲಸ ಮಾಡದಿದ್ದರೆ ಎಂಜಿನ್ ನಡುಗುತ್ತದೆ, ಆ ನಡುಕ ಗೇರ್‌ಬಾಕ್ಸನ್ನು ತಿನ್ನುತ್ತದೆ. ಇನ್ನು ಐದು ವರ್ಷಕ್ಕೊಮ್ಮೆ ಎಲ್ಲ ರಬ್ಬರ್ ಪೈಪುಗಳು, ಕೂಲೆಂಟ್ ಕೊಳವೆಗಳು, ಕಾರ್ಬ್ಯುರೇಟರ್ ಸಾಕೆಟ್‌ಗಳು ಹೊಸದಾಗಬೇಕು. ವಿಮಾನ ಹತ್ತೇ ಗಂಟೆ ಹಾರಿದ್ದರೂ ಸರಿ. "ಕಡಿಮೆ ಗಂಟೆ ಓಡಿದ ವಿಮಾನ" ಅಂತ ಜಾಹೀರಾತು ನೋಡಿದಾಗ ನನಗೆ ಸಂತೋಷಕ್ಕಿಂತ ಅನುಮಾನವೇ ಜಾಸ್ತಿ. ನಿಂತ ಎಂಜಿನ್ ಒಳಗಿಂದ ತುಕ್ಕು ಹಿಡಿಯುತ್ತದೆ.

ಸ್ನೇಹಿತರೊಬ್ಬರು ಒಂದು ಸೆಕೆಂಡ್‌ಹ್ಯಾಂಡ್ ವಿಮಾನ ನೋಡಲು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಹೊಳೆಯುತ್ತಿತ್ತು. ಪ್ರೊಪೆಲ್ಲರ್ ಹೊಸದು, ಮೂಗಿನ ಗಾಲಿಯ ಕಾಲಿಗೆ ಮಾತ್ರ ಹೊಸ ಬಣ್ಣ. ಲಾಗ್‌ಬುಕ್‌ನಲ್ಲಿ ಪ್ರೊಪೆಲ್ಲರ್ ಬದಲಿಸಿದ ಸಾಲು ಇತ್ತು, ಯಾಕೆ ಅಂತ ಇರಲಿಲ್ಲ. ಪ್ರೊಪೆಲ್ಲರ್ ನೆಲಕ್ಕೆ ಬಡಿದಿದ್ದರೆ ಗೇರ್‌ಬಾಕ್ಸ್ ಬಿಚ್ಚಿ ನೋಡಲೇಬೇಕು ಅಂತ ರೋಟಾಕ್ಸ್ ನಿಯಮ ಇದೆ. ಅದರ ದಾಖಲೆ ಕೇಳಿದಾಗ ಮಾರುವವರು ಮಾತು ತಿರುಗಿಸಿದರು. ಸ್ನೇಹಿತರು ಅಲ್ಲಿಂದ ಎದ್ದು ಬಂದರು, ಒಳ್ಳೆಯದೇ ಆಯಿತು. ಆದರೆ ಆ ವಿಮಾನವನ್ನು ಬೇರೆ ಯಾರೋ ಕೊಂಡಿರುತ್ತಾರೆ. ಅವರ ಪಕ್ಕದ ಸೀಟಿನಲ್ಲಿ ಅವರ ಮಗಳೋ ಮಗನೋ ಕೂತಿರಬಹುದು. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ.

ಹಾಗಾಗಿ ಕೊಳ್ಳುವ ಮುಂಚಿನ ತಪಾಸಣೆಯನ್ನು ಮಾರುವವರ ಮೆಕ್ಯಾನಿಕ್ ಕೈಲಿ ಮಾಡಿಸಬೇಡಿ. ರೋಟಾಕ್ಸ್ ತರಬೇತಿ ಪಡೆದ, ಆ ವಿಮಾನವನ್ನು ಹಿಂದೆ ಮುಟ್ಟಿರದ ಒಬ್ಬರನ್ನು ಹುಡುಕಿ. ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಶೂಟ್ ಇದ್ದರೆ ಅದನ್ನು ಮತ್ತೆ ಮಡಚುವ ಮತ್ತು ಅದನ್ನು ಹೊರಗೆಳೆಯುವ ರಾಕೆಟ್ ಬದಲಿಸುವ ವರ್ಷ ಯಾವುದು ಅಂತ ಕೇಳಿ. ಆ ಖರ್ಚು ಮುಂದಿನ ವರ್ಷವೇ ನಿಮ್ಮ ತಲೆಗೆ ಬರುವಂತಿದ್ದರೆ ಬೆಲೆಯಲ್ಲಿ ಕಳೆಯಿರಿ.

ತಯಾರಕರು ಇನ್ನೂ ಬಾಗಿಲು ತೆರೆದಿದ್ದಾರಾ ಅನ್ನುವುದೂ ಮುಖ್ಯ. ಎಸ್‌ಎಲ್‌ಎಸ್‌ಎ ವಿಮಾನದಲ್ಲಿ ತಯಾರಕರ ಲಿಖಿತ ಒಪ್ಪಿಗೆ ಇಲ್ಲದೆ ಮಾರ್ಪಾಡು ಮಾಡುವಂತಿಲ್ಲ. ರೇಡಿಯೊ ಬೇರೆ ಕಂಪನಿಯದ್ದು ಹಾಕಬೇಕಾದರೂ ಪತ್ರ ಬೇಕು. ಕಂಪನಿ ಮುಚ್ಚಿಹೋದರೆ ಪತ್ರ ಕೊಡುವವರು ಯಾರು? ಆಗ ಪ್ರಾಯೋಗಿಕ ವರ್ಗಕ್ಕೆ ಬದಲಾಯಿಸಿಕೊಳ್ಳಬಹುದು, ಆದರೆ ತರಬೇತಿಗೆ ಬಾಡಿಗೆ ಕೊಟ್ಟು ಖರ್ಚು ಸರಿದೂಗಿಸುವ ದಾರಿ ಮುಚ್ಚುತ್ತದೆ. ದೊಡ್ಡ ಹೆಸರೂ ಇಲ್ಲಿ ಖಾತರಿ ಅಲ್ಲ. ಸೆಸ್ನಾ 2007ರಲ್ಲಿ ಸ್ಕೈಕ್ಯಾಚರ್ ವಿಮಾನವನ್ನು 1,09,500 ಡಾಲರ್‌ಗೆ ಕೊಡುವುದಾಗಿ ಹೇಳಿತು. ಆಮೇಲೆ ಬೆಲೆ 1,49,900ಕ್ಕೆ ಏರಿತು. 2013ರಲ್ಲಿ ಯೋಜನೆಯನ್ನೇ ಕೈಬಿಟ್ಟಿತು. ಮಾರಾಟವಾಗದೆ ಉಳಿದವನ್ನು ಕೊನೆಗೆ ಗುಜರಿ ಮಾಡಿದರು.

ಖರ್ಚಿನ ಲೆಕ್ಕ ಹೀಗೆ ಮಾಡಿ. ಹ್ಯಾಂಗರ್ ಬಾಡಿಗೆ, ಇನ್ಶೂರೆನ್ಸ್, ವಾರ್ಷಿಕ ತಪಾಸಣೆ, ಇವು ಹಾರಿದರೂ ಹಾರದಿದ್ದರೂ ಬರುವ ಖರ್ಚು. ಉದಾಹರಣೆಗೆ ಇದು ವರ್ಷಕ್ಕೆ 8,000 ಡಾಲರ್ ಅಂದುಕೊಳ್ಳಿ. 100 ಗಂಟೆ ಹಾರಿದರೆ ಗಂಟೆಗೆ 80 ಡಾಲರ್, 20 ಗಂಟೆ ಹಾರಿದರೆ 400. ಪೆಟ್ರೋಲ್ ಗಂಟೆಗೆ 20 ಲೀಟರ್ ಆಸುಪಾಸು, ಅದು ದೊಡ್ಡದಲ್ಲ. ವರ್ಷಕ್ಕೆ 50 ಗಂಟೆಗಿಂತ ಕಡಿಮೆ ಹಾರುವವರಿಗೆ ಬಾಡಿಗೆ ವಿಮಾನ ಅಥವಾ ಇಬ್ಬರು ಮೂವರ ಪಾಲುದಾರಿಕೆಯೇ ಸರಿ ಅನ್ನುತ್ತೇನೆ. ಪಾಲುದಾರಿಕೆಯಾದರೆ ಎಂಜಿನ್‌ಗೆ ಗಂಟೆಗಿಷ್ಟು ಅಂತ ತೆಗೆದಿಡುವ ಹಣ, ಯಾರಾದರೂ ಹೊರಬಿದ್ದರೆ ಅವರ ಪಾಲು ಯಾರಿಗೆ, ವಿಮಾನಕ್ಕೆ ಪೆಟ್ಟಾದರೆ ಯಾರು ಕೊಡಬೇಕು, ಎಲ್ಲ ಬರವಣಿಗೆಯಲ್ಲಿರಲಿ. ಸ್ನೇಹ ಉಳಿಯುವುದೇ ಅದರಿಂದ.

ವೀಸಾದಲ್ಲಿರುವ ನಮ್ಮವರಿಗೆ ಒಂದು ಮುಖ್ಯ ವಿಷಯ. ಇಲ್ಲಿನ ವಿಮಾನವನ್ನು ಸ್ವಂತ ಹೆಸರಿನಲ್ಲಿ ನೋಂದಾಯಿಸಲು ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು. ಎಚ್-1ಬಿಯಲ್ಲಿ ಆಗುವುದಿಲ್ಲ. ಮುಂಗಡ ಕೊಡುವ ಮೊದಲೇ ಇದು ಗೊತ್ತಿರಲಿ. ಪೌರರಲ್ಲದ ಎಲ್ಲರೂ, ಗ್ರೀನ್ ಕಾರ್ಡ್ ಇದ್ದವರೂ ಸೇರಿ, ಹಾರಾಟದ ತರಬೇತಿ ಶುರುಮಾಡುವ ಮೊದಲು ಸಾರಿಗೆ ಭದ್ರತಾ ಸಂಸ್ಥೆ ಟಿಎಸ್‌ಎಯ ಭದ್ರತಾ ಅನುಮತಿ ಪಡೆಯಬೇಕು.

ತೂಕದ ಬಗ್ಗೆ ನಮ್ಮ ಜನ ಸಂಕೋಚಪಡುತ್ತಾರೆ. ಬಂದ ಅತಿಥಿಯ ತೂಕ ಕೇಳುವುದು ಹೇಗೆ ಅಂತ. ಕೇಳಲೇಬೇಕು. 600 ಕಿಲೋ ಮಿತಿಯ ವಿಮಾನ ಖಾಲಿಯಿದ್ದಾಗಲೇ 360 ಕಿಲೋ ಅಂದುಕೊಳ್ಳಿ. 90 ಕಿಲೋ ತೂಗುವ ಇಬ್ಬರು ಕೂತರೆ ಉಳಿಯುವುದು 60 ಕಿಲೋ. ಪೆಟ್ರೋಲ್ ಲೀಟರ್‌ಗೆ ಸುಮಾರು 0.72 ಕಿಲೋ. ಅಲ್ಲಿಗೆ 83 ಲೀಟರ್ ಬಂತು, ಅದೂ ಒಂದು ಬ್ಯಾಗೂ ಇಲ್ಲದೆ. ಟ್ಯಾಂಕ್‌ನಲ್ಲಿ 130 ಲೀಟರ್ ಹಿಡಿಯುತ್ತದೆ ಅಂತ ತುಂಬಿಸಿಕೊಂಡು ಹೊರಟರೆ ಮಿತಿ ದಾಟಿದಿರಿ.

ಇನ್ನು ಇಳಿಯುವುದು. ದೊಡ್ಡ ವಿಮಾನದಲ್ಲಿ ಸಾವಿರ ಗಂಟೆ ಹಾರಿಸಿದವರೂ ಇದರಲ್ಲಿ ತಡವರಿಸುತ್ತಾರೆ. ತೂಕ ಕಡಿಮೆ, ಹಾಗಾಗಿ ಪವರ್ ತೆಗೆದ ತಕ್ಷಣ ವೇಗ ಬಿದ್ದುಹೋಗುತ್ತದೆ. ಅಡ್ಡಗಾಳಿ ಸ್ವಲ್ಪ ಬೀಸಿದರೂ ವಿಮಾನ ಪಕ್ಕಕ್ಕೆ ಸರಿಯುತ್ತದೆ. ಒಮ್ಮೆ ಪುಟಿದರೆ ನಿಯಂತ್ರಣ ಕೋಲನ್ನು ಮುಂದಕ್ಕೆ ತಳ್ಳಬೇಡಿ, ಮೂಗಿನ ಗಾಲಿ ಮುರಿಯುವುದು ಆಗಲೇ. ಪವರ್ ಕೊಟ್ಟು ಮತ್ತೆ ಮೇಲೇರಿ, ಇನ್ನೊಂದು ಸುತ್ತು ಬನ್ನಿ. ಲೈಸೆನ್ಸ್ ಇದ್ದರೂ, ಕೊಂಡ ವಿಮಾನದಲ್ಲೇ, ಆ ಮಾದರಿ ಬಲ್ಲ ಗುರುವಿನ ಜೊತೆ ಗಾಳಿಯಿರುವ ದಿನಗಳಲ್ಲಿ ಅಭ್ಯಾಸ ಮಾಡಿ.

ಇಷ್ಟು ಹೊಸಬರಿಗೆ. ಈಗಾಗಲೇ ವಿಮಾನ ಇಟ್ಟುಕೊಂಡಿರುವ ನಮ್ಮವರಲ್ಲಿ ಎರಡು ಕೋರಿಕೆ ಇದೆ. ನಿಮ್ಮ ವಿಮಾನದ ವಾರ್ಷಿಕ ತಪಾಸಣೆ ನಡೆಯುವ ದಿನ, ಕವಚ ಬಿಚ್ಚಿರುವಾಗ, ಕೊಳ್ಳುವ ಯೋಚನೆಯಲ್ಲಿರುವ ಒಬ್ಬರನ್ನಾದರೂ ಹ್ಯಾಂಗರ್‌ಗೆ ಕರೆಯಿರಿ. ಸುಮ್ಮನೆ ಪಕ್ಕದಲ್ಲಿ ನಿಂತು ನೋಡಲಿ, ಪ್ರಶ್ನೆ ಕೇಳಲಿ. ಮೆಕ್ಯಾನಿಕ್ ಒಪ್ಪಿದರೆ ಒಂದೆರಡು ಸ್ಕ್ರೂ ಬಿಗಿಯಲಿ. ಇನ್ನೊಂದು, ನಿಮ್ಮ ವಿಮಾನ ಗಟ್ಟಿಯಾಗಿ ನೆಲಕ್ಕೆ ಬಡಿದಿದ್ದರೆ, ಪ್ರೊಪೆಲ್ಲರ್ ತಾಗಿದ್ದರೆ, ಅದನ್ನು ಆ ದಿನವೇ ಲಾಗ್‌ಬುಕ್‌ನಲ್ಲಿ ಬರೆಯಿರಿ. ಮಾರುವಾಗ ನಾಲ್ಕು ಸಾವಿರ ಡಾಲರ್ ಕಡಿಮೆ ಬರಬಹುದು, ಬರಲಿ. ಆ ಪುಸ್ತಕ ನೋಡಿಯೇ ಮುಂದಿನವರು ತಮ್ಮ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ.

ಇಂತಿ ನಿಮ್ಮವನು,
ಲೈಟ್ ಸ್ಪೋರ್ಟ್ ವಿಮಾನದ ಮಾಲೀಕರಲ್ಲೊಬ್ಬ